ಗಾರೆಗೆ ಮುನ್ನ ಒಂದು ಪೈಪು: ಹೊಸ ಮನೆ ಕಟ್ಟಿಸುತ್ತಿರುವವರಿಗೆ ಬಹಿರಂಗ ಪತ್ರ



ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ, ಮೈಸೂರು, ತುಮಕೂರು, ದಾವಣಗೆರೆ, ಹುಬ್ಬಳ್ಳಿಯ ಹೊರವಲಯಗಳಲ್ಲಿ ಸ್ವಂತ ಮನೆ ಕಟ್ಟಿಸುತ್ತಿರುವ ನಿಮ್ಮೆಲ್ಲರಿಗೂ ಈ ಪತ್ರ. ಕೆಲವರ ಮನೆ ಇನ್ನೂ ಪಾಯದಲ್ಲಿದೆ, ಕೆಲವರದು ಮೋಲ್ಡ್ ಮುಗಿದು ಕರೆಂಟಿನ ಪೈಪಿಗಾಗಿ ಗೋಡೆ ಕೊರೆಯುವ ಹಂತಕ್ಕೆ ಬಂದಿದೆ. ಗಾರೆ ಇನ್ನೂ ಆಗಿಲ್ಲವಾದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಗಾರೆ ಮುಗಿದ ಮೇಲೆ ಇದೇ ಕೆಲಸಕ್ಕೆ ಹಣವೂ ಹೆಚ್ಚು, ಧೂಳೂ ಹೆಚ್ಚು, ಸಿಗುವ ಫಲ ಮಾತ್ರ ಕಡಿಮೆ.

ಹೇಳಬೇಕಾದದ್ದು ಇಷ್ಟು: ಮನೆಯ ಎಲ್ಲ ಕೋಣೆಗಳಲ್ಲೂ ವೈಫೈ ಚೆನ್ನಾಗಿರಬೇಕೆಂದರೆ ಗೋಡೆಯೊಳಗೆ ವೈರು ಇರಬೇಕು. ಪ್ರತಿ ಮಹಡಿಗೂ, ಟಿವಿ ಇಡುವ ಪ್ರತಿ ಜಾಗಕ್ಕೂ ಕರೆಂಟಿನ ಪೈಪಿನಿಂದ ಬೇರೆಯಾದ ಒಂದು ಪೈಪು ಹಾಕಿಸಿ, ಅದರಲ್ಲಿ ನೆಟ್‌ವರ್ಕ್ ಕೇಬಲ್ ಎಳೆಸಿ. ಉಳಿದದ್ದನ್ನೆಲ್ಲ ಆಮೇಲೆ ಸರಿಪಡಿಸಿಕೊಳ್ಳಬಹುದು. ರೂಟರ್ ಬದಲಾಯಿಸಬಹುದು, ಕಂಪನಿ ಬದಲಾಯಿಸಬಹುದು, ಪ್ಲಾನ್ ಬದಲಾಯಿಸಬಹುದು. ಗೋಡೆಯನ್ನು ಮಾತ್ರ ಮತ್ತೆ ಮತ್ತೆ ಒಡೆಯಲಾಗುವುದಿಲ್ಲ.

ಮನೆಗಳಿಗೆ ನೆಟ್‌ವರ್ಕ್ ಜೋಡಿಸುವುದು ನನ್ನ ಕೆಲಸ. ಮನೆ ಕಟ್ಟಿಸುವವರು ಅಡುಗೆಮನೆಯ ಕಟ್ಟೆಯ ಎತ್ತರವನ್ನು ಅಳೆದು ನೋಡುತ್ತಾರೆ, ದೇವರ ಕೋಣೆಯ ದಿಕ್ಕಿಗೆ ವಾಸ್ತು ಕೇಳುತ್ತಾರೆ, ಎಸಿ ಪಾಯಿಂಟು, ಗೀಸರ್ ಪಾಯಿಂಟು, ಇನ್ವರ್ಟರ್ ಲೈನು ಎಲ್ಲವನ್ನೂ ಎಲೆಕ್ಟ್ರಿಷಿಯನ್ ಜತೆ ನಿಂತು ಗುರುತು ಹಾಕಿಸುತ್ತಾರೆ. ಇಂಟರ್ನೆಟ್‌ನ ಮಾತು ಬಂದಾಗ ಮಾತ್ರ "ಅದೇನು ವೈಫೈ ಅಲ್ವಾ, ಆಮೇಲೆ ಹಾಕಿಸಿದರಾಯಿತು" ಎನ್ನುತ್ತಾರೆ. ಗೃಹಪ್ರವೇಶದ ಹೊತ್ತಿಗೆ ಫೈಬರ್ ಕಂಪನಿಯ ಹುಡುಗ ಡ್ರಿಲ್ ಹಿಡಿದು ಬರುತ್ತಾನೆ. ಕಂಬದಿಂದ ವೈರು ಎಲ್ಲಿಗೆ ಸುಲಭವಾಗಿ ತಲುಪುತ್ತದೋ ಅಲ್ಲೊಂದು ತೂತು ಕೊರೆದು ವೈಫೈ ಪೆಟ್ಟಿಗೆ ಕೂರಿಸಿ ಹೋಗುತ್ತಾನೆ. ಸಾಮಾನ್ಯವಾಗಿ ಅದು ಪೋರ್ಟಿಕೋದ ಪಕ್ಕದ ಕಿಟಕಿ, ಇಲ್ಲವೇ ಹಾಲಿನ ಒಂದು ಮೂಲೆ. ಆ ಮೂಲೆಯ ಒಂದು ಪೆಟ್ಟಿಗೆ ಮೂರು ಮಹಡಿಗೂ ವಿಡಿಯೊ ಒದಗಿಸಬೇಕು ಎಂದು ನಾವು ನಿರೀಕ್ಷಿಸುತ್ತೇವೆ. ಅದರಲ್ಲಿ ಹುಡುಗನ ತಪ್ಪಿಲ್ಲ. ಬೇರೆ ದಾರಿಯನ್ನು ನಾವು ಅವನಿಗೆ ಬಿಟ್ಟೇ ಇರುವುದಿಲ್ಲ.

ಆಮೇಲೆ ಶುರುವಾಗುವುದು ಸ್ಪೀಡಿನ ಲೆಕ್ಕ. ಮೇಲಿನ ಕೋಣೆಯ ಟಿವಿಯಲ್ಲಿ ಸಿನಿಮಾ ನಿಂತು ನಿಂತು ಬಂದರೆ "100 ಎಂಬಿಪಿಎಸ್ ಸಾಲುತ್ತಿಲ್ಲ, 300ಕ್ಕೆ ಏರಿಸೋಣ" ಎಂಬ ಸಲಹೆ ಬರುತ್ತದೆ. ಲೆಕ್ಕ ಹಾಕಿ ನೋಡಿ. ಫುಲ್ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಇದ್ದರೆ ಸಾಕು ಎಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಯೂಟ್ಯೂಬ್ 4ಕೆಗೆ 20 ಎಂಬಿಪಿಎಸ್ ಕೇಳುತ್ತದೆ. ಮೂರು ಕೋಣೆಗಳಲ್ಲಿ ಒಟ್ಟಿಗೇ ಮೂರು 4ಕೆ ಚಿತ್ರ ಓಡಿದರೂ 60 ಎಂಬಿಪಿಎಸ್ ದಾಟುವುದಿಲ್ಲ. 100ರ ಪ್ಲಾನಿನಲ್ಲಿ ಮೊಬೈಲುಗಳಿಗೂ ಆಫೀಸಿನ ವಿಡಿಯೊ ಕಾಲಿಗೂ ಇನ್ನೂ ಜಾಗ ಉಳಿಯುತ್ತದೆ. ಹಾಗಾದರೆ ಕೊರತೆ ಇರುವುದು ಮನೆಗೆ ಬರುವ ಇಂಟರ್ನೆಟ್ಟಿನಲ್ಲಲ್ಲ, ಬಂದದ್ದು ಕೋಣೆಗೆ ತಲುಪುವ ದಾರಿಯಲ್ಲಿ. ಬಚ್ಚಲಿನ ಪೈಪು ಕಟ್ಟಿಕೊಂಡಿರುವಾಗ ತಾರಸಿಯ ಟ್ಯಾಂಕನ್ನು ದೊಡ್ಡದು ಮಾಡಿಸಿದರೆ ನಲ್ಲಿಯಲ್ಲಿ ನೀರು ಹೆಚ್ಚುವುದಿಲ್ಲ.

ದಾರಿಯನ್ನು ಕಟ್ಟುವುದು ನಮ್ಮ ಗೋಡೆಗಳೇ. ರೇಡಿಯೊ ಅಲೆಯ ಶಕ್ತಿಯನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲಿ ಒಂದು, 20 ಇಳಿದರೆ ನೂರರಲ್ಲಿ ಒಂದು. ಪ್ಲೈವುಡ್ ಬಾಗಿಲು ಒಂದಿಷ್ಟು ಕಳೆಯುತ್ತದೆ, ಇಟ್ಟಿಗೆ ಗೋಡೆ ಅದಕ್ಕಿಂತ ಹೆಚ್ಚು. ಕಬ್ಬಿಣದ ಕಂಬಿ ಹೆಣೆದು ಹಾಕಿದ ಮೋಲ್ಡ್ ಒಂದೇ ಸಾಕು, ಅಲೆಯನ್ನು ನೂರರಲ್ಲಿ ಒಂದಕ್ಕೆ ಇಳಿಸಿಬಿಡಬಲ್ಲದು. ಬಚ್ಚಲಮನೆಯ ಟೈಲ್ಸು ಮತ್ತು ಲೋಹದ ಫಿಟಿಂಗು, ಸ್ಟೀಲ್ ಬೀರು, ಆಳೆತ್ತರದ ಕನ್ನಡಿ, ನೀರು ತುಂಬಿದ ಟ್ಯಾಂಕು ಇವೆಲ್ಲ ಅಡ್ಡ ಬರುವ ವಸ್ತುಗಳೇ. ಕರಾವಳಿಯ ಮುರಕಲ್ಲಿನ ಗೋಡೆ, ಹಳೆ ಬೆಂಗಳೂರಿನ ಸೈಜುಗಲ್ಲಿನ ಗೋಡೆ ಇನ್ನೂ ದಪ್ಪ. ಅಮೆರಿಕದಲ್ಲಿರುವ ಮಗನೋ ತಂಗಿಯೋ "ನಮ್ಮಲ್ಲಿ ಒಂದೇ ರೂಟರ್ ಇಡೀ ಮನೆಗೆ ಸಾಕು" ಎಂದರೆ ಅದು ಸುಳ್ಳಲ್ಲ. ಅಲ್ಲಿನ ಎಷ್ಟೋ ಮನೆಗಳಲ್ಲಿ ಒಳಗೋಡೆ ಎಂದರೆ ಮರದ ಚೌಕಟ್ಟಿಗೆ ಹೊಡೆದ ಜಿಪ್ಸಂ ಹಲಗೆ, ಮಹಡಿಯ ನೆಲವೂ ಮರದ್ದೇ. ಅಂಥ ಮನೆಗೆ ಒಪ್ಪುವ ಲೆಕ್ಕ ನಮ್ಮ ಕಾಂಕ್ರೀಟ್ ಬ್ಲಾಕಿನ ಮನೆಗೆ ಒಪ್ಪುವುದಿಲ್ಲ.

ವೈಫೈ ಮುಖ್ಯವಾಗಿ ಎರಡು ಪಟ್ಟಿಗಳಲ್ಲಿ ಓಡುತ್ತದೆ. 2.4 ಗಿಗಾಹರ್ಟ್ಸ್‌ನ ಅಲೆ ಗೋಡೆ ದಾಟುವುದರಲ್ಲಿ ಗಟ್ಟಿ, ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6 ಮತ್ತು 11 ಎಂಬ ಮೂರೇ. 30-40ರ ಸೈಟುಗಳಲ್ಲಿ ಗೋಡೆಗೆ ಗೋಡೆ ತಾಗುವಂತೆ ಮನೆಗಳಿರುವಾಗ ಅಕ್ಕಪಕ್ಕದ ಮನೆಗಳೆಲ್ಲ ಆ ಮೂರನ್ನೇ ಹಂಚಿಕೊಳ್ಳಬೇಕು. ಅಡುಗೆಮನೆಯ ಮೈಕ್ರೊವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಸದ್ದು ಮಾಡುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆ ಪಟ್ಟಿಯಲ್ಲಿ 605 ಮೆಗಾಹರ್ಟ್ಸ್‌ನಷ್ಟನ್ನು ಲೈಸೆನ್ಸ್ ಇಲ್ಲದೆ ಬಳಸಲು ತೆರೆದುಕೊಟ್ಟಿತು. ವಿಡಿಯೊಗೆ ಬೇಕಾದದ್ದು ಇದೇ ಪಟ್ಟಿ. ಆದರೆ ಇದು ಗೋಡೆಗೆ ಬೇಗ ಸೋಲುತ್ತದೆ. ಮನೆಯಲ್ಲಿ ಒಂದೇ ಪೆಟ್ಟಿಗೆ ಇದ್ದರೆ ಆ ಸೋಲು ದೋಷ. ಪ್ರತಿ ಮಹಡಿಯಲ್ಲೂ ಒಂದೊಂದು ಪೆಟ್ಟಿಗೆ ಇದ್ದರೆ ಅದೇ ಗುಣ, ಏಕೆಂದರೆ ಪಕ್ಕದ ಮನೆಯ ಅಲೆ ನಿಮ್ಮಲ್ಲಿಗೆ ನುಗ್ಗುವುದಿಲ್ಲ, ಕೆಳಗಿನ ಪೆಟ್ಟಿಗೆ ಮೇಲಿನದರ ಕೆಲಸಕ್ಕೆ ಅಡ್ಡ ಬರುವುದಿಲ್ಲ.

ಇನ್ನೊಂದು ಸಂಗತಿ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಒಂದು ಚಾನೆಲ್‌ನಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಒಂದು ಹೊತ್ತಿಗೆ ಒಂದೇ ಸಾಧನ ಮಾತಾಡುತ್ತದೆ. ಉಳಿದವು ಸರದಿ ಕಾಯುತ್ತವೆ. ಪೆಟ್ಟಿಗೆಯ ಹತ್ತಿರ ಇರುವ ಟಿವಿಗೆ 300 ಎಂಬಿಪಿಎಸ್ ವೇಗದಲ್ಲಿ ಮಾಹಿತಿ ಹೋಗುತ್ತಿದ್ದರೆ, 15 ಎಂಬಿಪಿಎಸ್‌ನ ಚಿತ್ರಕ್ಕೆ ಅದು ಬಳಸುವುದು ಒಟ್ಟು ಸಮಯದ ನೂರಕ್ಕೆ 5 ಭಾಗ. ಎರಡು ಗೋಡೆ, ಒಂದು ಮೋಲ್ಡ್ ದಾಟಿ ವೇಗ 20ಕ್ಕೆ ಇಳಿದ ಟಿವಿ ಅದೇ ಚಿತ್ರಕ್ಕೆ ನೂರಕ್ಕೆ 75 ಭಾಗ ಸಮಯ ತಿನ್ನುತ್ತದೆ. ದೂರದ ಒಂದು ಟಿವಿಯಿಂದ ಇಡೀ ಮನೆಯ ವೈಫೈ ನಿಧಾನವಾಗುವುದು ಹೀಗೆ. ಅದಕ್ಕಾಗಿಯೇ ಗೋಡೆಗೆ ನೇತುಹಾಕಿ ಅಲುಗಾಡದೆ ಕೂರುವ ಟಿವಿಗೆ ವೈರೇ ಸರಿ. ಟಿವಿಗಳು ವೈರಿಗೆ ಹೋದರೆ ಅಲೆಯೆಲ್ಲ ಕೈಯಲ್ಲಿ ಓಡಾಡುವ ಮೊಬೈಲು, ಲ್ಯಾಪ್‌ಟಾಪುಗಳಿಗೆ ಉಳಿಯುತ್ತದೆ. ಎಷ್ಟೋ ಟಿವಿಗಳ ವೈರಿನ ಕಿಂಡಿ 100 ಎಂಬಿಪಿಎಸ್‌ನದ್ದು, ಅದನ್ನು ಕಂಡು ಬೇಸರಪಡಬೇಡಿ. 4ಕೆ ಚಿತ್ರಕ್ಕೆ ಬೇಕಾದ್ದಕ್ಕಿಂತ ಅದು ನಾಲ್ಕೈದು ಪಟ್ಟು ಹೆಚ್ಚು.

ರಿಪೀಟರ್ ಹಾಕಿದರೆ ಆಗುವುದಿಲ್ಲವೇ ಎಂದು ಕೇಳುತ್ತೀರಿ. ರಿಪೀಟರ್ ಕೇಳಿಸಿಕೊಂಡದ್ದನ್ನು ಮತ್ತೊಮ್ಮೆ ಹೇಳುವ ಸಾಧನ. ಕೇಳುವುದೂ ಹೇಳುವುದೂ ಒಂದೇ ಚಾನೆಲ್‌ನಲ್ಲಾದರೆ ಸಮಯ ಎರಡರಷ್ಟು, ವೇಗ ಅರ್ಧದಷ್ಟು. ಜತೆಗೆ ಸಿಗ್ನಲ್ ಸೊರಗಿದ ಜಾಗದಲ್ಲೇ ಅದನ್ನು ಕೂರಿಸಿದರೆ, ಸೊರಗಿದ್ದನ್ನೇ ಅದು ಮುಂದಕ್ಕೆ ಹಂಚುತ್ತದೆ. ಮೆಶ್ ಹೆಸರಿನ ಪೆಟ್ಟಿಗೆಗಳು ಇದಕ್ಕಿಂತ ಜಾಣ, ಆದರೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಗಾಳಿಯಲ್ಲೇ ಮಾತಾಡಬೇಕಾದರೆ ಅವೂ ಮೋಲ್ಡ್‌ನ ಮುಂದೆ ತಲೆಬಾಗಲೇಬೇಕು. ಅವೇ ಪೆಟ್ಟಿಗೆಗಳ ಬೆನ್ನಿಗೆ ವೈರು ಕೊಟ್ಟುನೋಡಿ, ಪೂರ್ಣ ಶಕ್ತಿಯಲ್ಲಿ ಕೆಲಸ ಮಾಡುತ್ತವೆ.

ಸಿನಿಮಾ ಚೆನ್ನಾಗಿ ಓಡುವ ಕೋಣೆಯಲ್ಲೇ ಕ್ರಿಕೆಟ್ ಮ್ಯಾಚು ಏಕೆ ಸಿಕ್ಕಿಕೊಳ್ಳುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ವಿಡಿಯೊ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ. ಸಿನಿಮಾವಾದರೆ ಟಿವಿ ಮುಂದಿನ ತುಣುಕುಗಳನ್ನು ಮೊದಲೇ ತರಿಸಿ ಇಟ್ಟುಕೊಳ್ಳುತ್ತದೆ. ನಡುವೆ ಸಿಗ್ನಲ್ ತಡವರಿಸಿದರೂ ಆ ದಾಸ್ತಾನು ಕಾಪಾಡುತ್ತದೆ. ತೀರ ಕಡಿಮೆಯಾದರೆ ಚಿತ್ರದ ಗುಣಮಟ್ಟ ಇಳಿಸಿ ಓಡಿಸುತ್ತದೆ, ಆಗ ಮುಖಗಳು ಮಸುಕಾಗುತ್ತವೆ. ನೇರಪ್ರಸಾರದಲ್ಲಿ ಬೌಲರ್ ಇನ್ನೂ ಎಸೆಯದ ಚೆಂಡನ್ನು ಮೊದಲೇ ತರಿಸಿಡಲು ಸಾಧ್ಯವಿಲ್ಲ. ದಾಸ್ತಾನು ಸಣ್ಣದು, ಹಾಗಾಗಿ ಗೋಡೆ ಕೊಡುವ ಪ್ರತಿ ತಡೆಯೂ ಪರದೆಯ ಮೇಲೆ ಕಾಣುತ್ತದೆ. ಮಕ್ಕಳ ಆನ್‌ಲೈನ್ ಪಾಠ, ಡಾಕ್ಟರ ಜತೆಗಿನ ವಿಡಿಯೊ ಕಾಲ್ ಕೂಡ ಇದೇ ಜಾತಿಯವು. ಅವಕ್ಕೆ ಬೇಕಾದದ್ದು ದೊಡ್ಡ ಸ್ಪೀಡಲ್ಲ, ಕಡಿಯದ ದಾರಿ.

ಈಗ ಕೆಲಸದ ಮಾತಿಗೆ ಬರೋಣ. ಎಂಜಿನಿಯರ್ ಕೊಟ್ಟ ಪ್ಲಾನಿನ ಒಂದು ಪ್ರತಿ ತೆಗೆದುಕೊಂಡು ಮನೆಯವರೆಲ್ಲ ಒಟ್ಟಿಗೆ ಕೂತುಕೊಳ್ಳಿ. ಯಾರು ಎಲ್ಲಿ ಕೂತು ಏನು ನೋಡುತ್ತಾರೆ ಎಂದು ಕೋಣೆ ಕೋಣೆಗೂ ಬರೆಯಿರಿ. ಇದನ್ನು ಹಾಲಿನಿಂದ ಶುರುಮಾಡಬೇಡಿ, ಅತಿ ದೂರದ ಕೋಣೆಯಿಂದ ಶುರುಮಾಡಿ. ಸಿಗ್ನಲ್ ಕೆಟ್ಟಿರುವ ಕೋಣೆ ಸಾಮಾನ್ಯವಾಗಿ ದೂರು ಹೇಳದವರ ಕೋಣೆ ಎಂಬುದನ್ನು ನಾನು ಮನೆಯಿಂದ ಮನೆಗೆ ಕಂಡಿದ್ದೇನೆ. ಹಿಂಬದಿಯ ಕೋಣೆಯಲ್ಲಿ ಮಲಗುವ ಅಜ್ಜಿ ಧಾರಾವಾಹಿ ನಿಂತರೆ ಟಿವಿ ಆರಿಸಿ ಸುಮ್ಮನಾಗುತ್ತಾರೆ. ಮಹಡಿಯ ಮೂಲೆಯಲ್ಲಿ ಓದುವ ಹುಡುಗಿ ಪಾಠ ಕೇಳಲು ಮೊಬೈಲ್ ಹಿಡಿದು ಮೆಟ್ಟಿಲ ಮೇಲೆ ಬಂದು ಕೂರುತ್ತಾಳೆ. ನೆಟ್‌ವರ್ಕ್ ಅವರಿಂದ ಶುರುವಾಗಬೇಕು. ದೂರದ ಕೋಣೆಯನ್ನು ಸರಿಯಾಗಿ ಮುಟ್ಟಿದ ಯೋಜನೆ ಹಾಲನ್ನು ತಾನಾಗಿಯೇ ಮುಟ್ಟಿರುತ್ತದೆ.

ಆಮೇಲೆ ಎಲ್ಲ ಕೇಬಲ್ಲುಗಳೂ ಬಂದು ಸೇರುವ ಒಂದು ಜಾಗ ಗೊತ್ತುಮಾಡಿ. ಮೆಟ್ಟಿಲ ಕೆಳಗಿನ ಜಾಗ, ಸ್ಟೋರ್ ರೂಮಿನ ಗೋಡೆ, ಗಾಳಿಯಾಡುವ ಕಪಾಟು ಯಾವುದಾದರೂ ಆದೀತು. ಬಚ್ಚಲಿಗೆ ಅಂಟಿದ ತೇವದ ಗೋಡೆ ಬೇಡ, ಸುತ್ತ ಮುಚ್ಚಿದ ಕಬ್ಬಿಣದ ಪೆಟ್ಟಿಗೆಯೂ ಬೇಡ. ಅಲ್ಲಿ ಮೂರೋ ನಾಲ್ಕೋ ಸಾಕೆಟ್ ಇರುವ ಒಂದು ಬೋರ್ಡ್ ಹಾಕಿಸಿ, ಇನ್ವರ್ಟರ್ ಲೈನಿಗೆ ಸೇರಿಸಿ. ಹೊರಗಿನ ಗೋಡೆಯಿಂದ, ಕಂಬ ಇರುವ ಕಡೆಯಿಂದ ಆ ಜಾಗದವರೆಗೆ ಒಂದು ಖಾಲಿ ಪೈಪು ಬಿಡಿಸಿ. ತಿರುವುಗಳು ಮೆಲ್ಲಗೆ ಬಾಗಿರಲಿ, ಏಕೆಂದರೆ ಫೈಬರಿನೊಳಗಿರುವುದು ಗಾಜು, ಮಡಚಿದರೆ ಬೆಳಕು ಸೋರಿಹೋಗುತ್ತದೆ. ಪೈಪಿನ ಹೊರತುದಿ ಒಂದಿಷ್ಟು ಕೆಳಮುಖವಾಗಿದ್ದರೆ ಮಳೆನೀರು ಒಳಗೆ ಬರುವುದಿಲ್ಲ. ನಾಳೆ ಕಂಪನಿ ಬದಲಾಯಿಸಿದರೂ ಹೊಸ ತೂತು ಕೊರೆಯುವ ಪ್ರಸಂಗ ಬಾರದು.

ಈ ಜಾಗದಿಂದ ಪ್ರತಿ ಟಿವಿಯ ಹಿಂದಕ್ಕೆ, ಓದುವ ಮೇಜಿನ ಹತ್ತಿರಕ್ಕೆ, ಪ್ರತಿ ಮಹಡಿಯ ನಡುವಿನ ಸೀಲಿಂಗಿಗೆ ಒಂದೊಂದು ಪೈಪು ಹೋಗಲಿ. ಮೋಲ್ಡ್ ಇನ್ನೂ ಹಾಕಿಲ್ಲವಾದರೆ ಫ್ಯಾನ್ ಬಾಕ್ಸ್ ಇಡುವಾಗಲೇ ಪ್ಯಾಸೇಜಿನ ನೆತ್ತಿಯಲ್ಲಿ ಇದಕ್ಕೂ ಒಂದು ಬಾಕ್ಸ್ ಇಡಿಸಿ. ಅಲ್ಲಿ ಕೂರುವ ವೈಫೈ ಪೆಟ್ಟಿಗೆಗೆ ಬೇರೆ ಕರೆಂಟ್ ಪಾಯಿಂಟು ಬೇಕಿಲ್ಲ. ಪಿಒಇ ಎಂಬ ವ್ಯವಸ್ಥೆಯಲ್ಲಿ ನೆಟ್‌ವರ್ಕ್ ಕೇಬಲ್ಲೇ ಮಾಹಿತಿಯ ಜತೆ ವಿದ್ಯುತ್ತನ್ನೂ ಒಯ್ಯುತ್ತದೆ. ಅದರ ಮೂಲ ಮಾನಕದಲ್ಲಿ ಒಂದು ಕಿಂಡಿ 15.4 ವ್ಯಾಟ್‌ವರೆಗೆ ಕೊಡುತ್ತದೆ, ಮನೆಬಳಕೆಯ ಎಷ್ಟೋ ಸೀಲಿಂಗ್ ಪೆಟ್ಟಿಗೆಗಳಿಗೆ ಅಷ್ಟು ಸಾಕು. ಇದರಿಂದ ಇನ್ನೊಂದು ಲಾಭವೂ ಇದೆ. ಕರೆಂಟ್ ಹೋದಾಗ ಆ ಒಂದು ಜಾಗಕ್ಕೆ ಬ್ಯಾಕಪ್ ಇದ್ದರೆ ಮೂರು ಮಹಡಿಯ ವೈಫೈಯೂ ಉಳಿಯುತ್ತದೆ.

ಕೇಬಲ್ ಕ್ಯಾಟ್ 6 ಆಗಿರಲಿ, ಒಳಗಿರುವುದು ಶುದ್ಧ ತಾಮ್ರವೇ ಆಗಿರಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಮಾಲು ಸಿಸಿಎ ಎಂಬ ಹೆಸರಿನಲ್ಲಿ ಬರುತ್ತದೆ. ಅದು ಬೇಗ ಮುರಿಯುತ್ತದೆ, ಪಿಒಇ ವಿದ್ಯುತ್ತು ಹರಿದಾಗ ಹೆಚ್ಚು ಬಿಸಿಯಾಗುತ್ತದೆ. ಗೋಡೆಯೊಳಗೆ ಹೋಗುವ ವಸ್ತುವಿನಲ್ಲಿ ಅಷ್ಟು ಉಳಿತಾಯ ಮಾಡಬೇಡಿ. ಒಳ್ಳೆಯ ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್, 55 ಮೀಟರ್‌ವರೆಗೆ 10 ಗಿಗಾಬಿಟ್ ಒಯ್ಯುತ್ತದೆ. 30-40ರ ಸೈಟಿನ ಮೂರು ಮಹಡಿಯ ಮನೆಯಲ್ಲಿ ಒಂದೊಂದು ಎಳೆತ ಸುಮಾರು 15ರಿಂದ 20 ಮೀಟರ್ ಆದೀತು. ಒಂದು ರೋಲಿನಲ್ಲಿ 305 ಮೀಟರ್ ಇರುತ್ತದೆ. ಹದಿನಾಲ್ಕು ಹದಿನೈದು ಎಳೆತಗಳಿಗೆ ಒಂದು ರೋಲು ಸಾಕು.

ಎಲೆಕ್ಟ್ರಿಷಿಯನ್ ಅಣ್ಣಂದಿರೇ, ಮೇಸ್ತ್ರಿಗಳೇ, ಈ ಮಾತು ನಿಮಗೆ. ಮನೆಯವರು ಕೇಳದಿದ್ದರೂ ನೀವೇ ಕೇಳಿ: "ನೆಟ್ ಪಾಯಿಂಟು ಎಲ್ಲಿ ಬೇಕು?" ನೆಟ್‌ವರ್ಕ್ ಕೇಬಲ್ಲನ್ನು 230 ವೋಲ್ಟಿನ ವೈರಿನ ಪೈಪಿನಲ್ಲಿ ತೂರಿಸಬೇಡಿ, ಅದರಲ್ಲಿ ಸಿಗ್ನಲ್ಲಿನ ಪ್ರಶ್ನೆಗಿಂತ ಜೀವದ ಪ್ರಶ್ನೆ ದೊಡ್ಡದು. 25 ಎಂಎಂ ಪೈಪನ್ನೇ ಹಾಕಿ, ಗೋಡೆಯಲ್ಲಿ ಕರೆಂಟಿನ ಪೈಪಿನಿಂದ ಅಂತರವಿಡಿ, ದಾಟಲೇಬೇಕಾದರೆ ಅಡ್ಡಡ್ಡಲಾಗಿ ದಾಟಿಸಿ. ನಡುವೆ ಎಲ್ಲೂ ಜಾಯಿಂಟ್ ಮಾಡಬೇಡಿ, ಒಂದೊಂದು ಎಳೆತವೂ ಇಡಿಯಾಗಿ ಆ ಒಂದು ಜಾಗಕ್ಕೇ ಬಂದು ಸೇರಲಿ. ಸಿಕ್ಕಿಕೊಂಡರೆ ಜಗ್ಗಿ ಎಳೆಯಬೇಡಿ. ಪೈಪಿನಲ್ಲಿ ಎಳೆಯುವ ತಂತಿಯನ್ನು ಬಿಟ್ಟಿರಿ, ಎರಡೂ ತುದಿಗೆ ಒಂದೇ ನಂಬರು ಬರೆಯಿರಿ. ಬಣ್ಣ ಹೊಡೆಯುವ ಮೊದಲು ಟೆಸ್ಟರ್ ಹಾಕಿ ಎಂಟೂ ಎಳೆಗಳನ್ನು ನೋಡಿ. ಗಿಗಾಬಿಟ್‌ಗೆ ಎಂಟೂ ಬೇಕು. ಒಂದು ಎಳೆ ತುಂಡಾದರೂ ವೇಗ 100 ಎಂಬಿಪಿಎಸ್‌ಗೆ ಇಳಿಯುತ್ತದೆ, ಇಲ್ಲವೇ ಸಂಪರ್ಕವೇ ನಿಲ್ಲುತ್ತದೆ. ಈ ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ಗೆ ಮುಂದಿನ ದಿನಗಳಲ್ಲಿ ಬೇಡಿಕೆ ಹೆಚ್ಚೇ ಇರುತ್ತದೆ, ಅದಕ್ಕೆ ತಕ್ಕ ಕೂಲಿಯನ್ನು ಮನೆಯವರು ಚೌಕಾಸಿ ಮಾಡದೆ ಕೊಡಬೇಕು.

ಅಪಾರ್ಟ್‌ಮೆಂಟಿಗೆ ಮುಂಗಡ ಕೊಟ್ಟಿರುವವರೂ ಬಿಲ್ಡರ್‌ನನ್ನು ಇದೇ ಪ್ರಶ್ನೆ ಕೇಳಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಅಕ್ಟೋಬರ್‌ನಲ್ಲಿ, ಡಿಜಿಟಲ್ ಸಂಪರ್ಕದ ಆಧಾರದ ಮೇಲೆ ಕಟ್ಟಡಗಳಿಗೆ ರೇಟಿಂಗ್ ಕೊಡುವ ನಿಯಮಾವಳಿ ಹೊರಡಿಸಿದೆ. ನೀರು, ಲಿಫ್ಟು, ಪಾರ್ಕಿಂಗ್ ಕೇಳುವ ಹಾಗೆ "ಫ್ಲ್ಯಾಟಿನೊಳಗೆ ಪ್ರತಿ ಕೋಣೆಗೂ ನೆಟ್‌ವರ್ಕ್ ಕೇಬಲ್ ಇದೆಯೇ? ಫೈಬರಿಗೆ ಡಕ್ಟ್ ಇದೆಯೇ?" ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಮನೆ ಕಟ್ಟಿ ಮುಗಿಸಿದವರೂ ಕೈಚೆಲ್ಲಬೇಕಿಲ್ಲ. ಹಳೆಯ ಕೇಬಲ್ ಟಿವಿಯ ಅಥವಾ ಡಿಶ್ಶಿನ ವೈರು ಗೋಡೆಯೊಳಗಿನ ಪೈಪಿನಲ್ಲಿ ಇದ್ದರೆ, ಅದರ ತುದಿಗೆ ಹೊಸ ಕೇಬಲ್ ಬಿಗಿಯಾಗಿ ಕಟ್ಟಿ ಇನ್ನೊಂದು ಕಡೆಯಿಂದ ಎಳೆದರೆ ಎಷ್ಟೋ ಸಲ ಸಲೀಸಾಗಿ ಬರುತ್ತದೆ. ಅದಾಗದಿದ್ದರೆ ಬಿಸಿಲು ತಡೆಯುವ ಹೊರಾಂಗಣ ಕೇಬಲ್ಲನ್ನು ಡಕ್ಟಿನೊಳಗೆ ಇಳಿಸಬಹುದು. ಮಲೆನಾಡು, ಕರಾವಳಿಯಲ್ಲಿ ಮನೆಯಿಂದ ಅಂಗಳದಾಚೆಯ ಔಟ್‌ಹೌಸಿಗೆ ಸಂಪರ್ಕ ಬೇಕಿದ್ದರೆ ತಾಮ್ರದ ಬದಲು ಲೋಹದ ಎಳೆಯಿಲ್ಲದ ಫೈಬರ್ ಎಳೆಸಿ. ಹತ್ತಿರದಲ್ಲಿ ಸಿಡಿಲು ಬಡಿದರೆ ತಾಮ್ರ ಅದರ ಆಘಾತವನ್ನು ಟಿವಿಯವರೆಗೆ ಒಯ್ಯುತ್ತದೆ, ಗಾಜು ಒಯ್ಯುವುದಿಲ್ಲ.

ಪೆಟ್ಟಿಗೆಗಳನ್ನು ಕೊನೆಗೆ ಕೊಳ್ಳಿ, ಆ ಹೊತ್ತಿಗೆ ಇನ್ನೂ ಒಳ್ಳೆಯವು ಬಂದಿರುತ್ತವೆ. ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ. 2.4 ಗಿಗಾಹರ್ಟ್ಸ್‌ನ ಚಾನೆಲ್ ಅಗಲ 20 ಮೆಗಾಹರ್ಟ್ಸ್ ಮೀರದಿರಲಿ, ಅಕ್ಕಪಕ್ಕದವರಿಗೂ ಜಾಗ ಬೇಕು. ಒಂದೊಂದು ಮಹಡಿಗೆ ಬೇರೆ ಬೇರೆ ಚಾನೆಲ್ ಇಟ್ಟು, ಪೆಟ್ಟಿಗೆಗಳ ಶಕ್ತಿಯನ್ನು ಒಂದಿಷ್ಟು ತಗ್ಗಿಸಿ. ಸಿಗ್ನಲ್ ತೋರಿಸುವ ಆ್ಯಪ್ ಹಿಡಿದು ಕೋಣೆ ಕೋಣೆ ಸುತ್ತಿ. ಮೈನಸ್ 67 ಡಿಬಿಎಂಗಿಂತ ಅಂಕಿ ಕೆಟ್ಟಿರದಿದ್ದರೆ ವಿಡಿಯೊಗೆ ಚಿಂತೆಯಿಲ್ಲ.

ಒಂದು ಕೆಲಸವನ್ನಂತೂ ಮರೆಯಬೇಡಿ. ಪೈಪು ಹಾಕಿ ಮುಗಿದ ದಿನ, ಗಾರೆಯವರು ಬರುವ ಮೊದಲು, ಪ್ರತಿ ಗೋಡೆಗೂ ಅಳತೆ ಟೇಪು ಹಿಡಿಸಿ ಫೋಟೊ ತೆಗೆಯಿರಿ. ನೆಲದಿಂದ ಎಷ್ಟು ಅಡಿ, ಮೂಲೆಯಿಂದ ಎಷ್ಟು ಅಡಿ ಎಂಬುದು ಚಿತ್ರದಲ್ಲೇ ಕಾಣಲಿ. ಅವನ್ನು ಮುದ್ರಿಸಿ ಮನೆಯ ಕ್ರಯಪತ್ರ, ಪ್ಲಾನ್ ಇರುವ ಫೈಲಿನಲ್ಲಿ ಸೇರಿಸಿ. ಮುಂದೆ ಆ ಮನೆಯಲ್ಲಿ ಮೊಳೆ ಹೊಡೆಯುವವರಿಗೆ, ಹೊಸ ಕೇಬಲ್ ಎಳೆಯುವವರಿಗೆ, ನಿಮ್ಮ ನಂತರ ಅಲ್ಲಿ ಬಾಳುವವರಿಗೆ ಅದರಷ್ಟು ಉಪಯೋಗದ ಕಾಗದ ಬೇರೆ ಇರುವುದಿಲ್ಲ.

ಇತಿ,
ನಿಮ್ಮ ವಿಶ್ವಾಸಿ,
ಮನೆಗಳಿಗೆ ನೆಟ್‌ವರ್ಕ್ ಜೋಡಿಸುವ ಒಬ್ಬ ಕೆಲಸಗಾರ